ಆಣೆಯಿಂದ ಆಗದ್ದು

ಮನೆಯ ಹುಡುಗನೊಬ್ಬ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾನೆ ಎಂದು ಗೊತ್ತಾದಾಗ ನಮ್ಮ ಕಡೆಯ ಹಿರಿಯರಿಗೆ ಮೊದಲು ಹೊಳೆಯುವ ಉಪಾಯ ಆಣೆ. ನನ್ನ ಅಮ್ಮನೂ ಹಾಗೆಯೇ ಮಾಡಿದರು. ನನ್ನ ಬಲಗೈಯನ್ನು ತಮ್ಮ ನೆತ್ತಿಯ ಮೇಲೆ ಇರಿಸಿಕೊಂಡು, ಮಂಜುನಾಥ ಸ್ವಾಮಿಯ ಹೆಸರು ಹೇಳಿಸಿ, ಇನ್ನು ಮುಂದೆ ಜೀವಮಾನದಲ್ಲಿ ಹೀಗೆ ಮಾಡುವುದಿಲ್ಲ ಎಂದು ನುಡಿಸಿದರು. ದಕ್ಷಿಣ ಕನ್ನಡದಲ್ಲಿ ಧರ್ಮಸ್ಥಳದ ಆಣೆ ಎಂದರೆ ಜಮೀನಿನ ತಕರಾರನ್ನೂ ಸಾಲದ ಜಗಳವನ್ನೂ ಕೋರ್ಟಿನ ಮೆಟ್ಟಿಲು ಹತ್ತಿಸದೆ ನಿಲ್ಲಿಸಬಲ್ಲಷ್ಟು ಭಾರದ ಮಾತು. ಅದನ್ನು ಯಾರೂ ಹಗುರವಾಗಿ ಹಾಕುವುದಿಲ್ಲ, ನಾನೂ ಹಾಕಿರಲಿಲ್ಲ. ಆದರೂ ಅದು ಕೆಲವೇ ವಾರಗಳಲ್ಲಿ ಮುರಿಯಿತು. ಮುರಿದ ಮೇಲೆ ನನ್ನಲ್ಲಿ ಹೆಚ್ಚಾದದ್ದು ಅಡಗಿಸುವ ಜಾಣತನ ಮಾತ್ರ, ಏಕೆಂದರೆ ಈಗ ಅಡಗಿಸಬೇಕಾಗಿದ್ದದ್ದು ಗಾಯವೊಂದನ್ನೇ ಅಲ್ಲ, ಅಮ್ಮನ ತಲೆಯ ಮೇಲೆ ಕೈಯಿಟ್ಟು ಆಡಿದ ಮಾತು ತಪ್ಪಿದ್ದನ್ನೂ ಅಡಗಿಸಬೇಕಿತ್ತು.

ಈ ಅಭ್ಯಾಸದಿಂದ ನಾನು ಹೊರಬಂದ ಬಗೆಯನ್ನು ಬರೆಯುವಾಗ ಕೆಲವು ವಿವರಗಳನ್ನು ಉದ್ದೇಶಪೂರ್ವಕವಾಗಿಯೇ ಬಿಡುತ್ತಿದ್ದೇನೆ. ಯಾವುದರಿಂದ, ಹೇಗೆ, ಎಷ್ಟು ಎಂಬುದು ಇಲ್ಲಿ ಬರುವುದಿಲ್ಲ. ಅಂಥ ವಿವರ ಓದಿದರೆ ಸಾಕು, ಒಳಗೆ ಮಲಗಿದ್ದ ತುಡಿತ ಎದ್ದು ಕೂರುತ್ತದೆ ಎಂಬುದನ್ನು ನಾನು ನನ್ನ ಮೇಲೆಯೇ ಕಂಡುಕೊಂಡಿದ್ದೇನೆ. ಓದುತ್ತಿರುವವರಲ್ಲಿ ಯಾರಿಗಾದರೂ ಈ ಹೊತ್ತಿನಲ್ಲೇ ಅದು ಎದ್ದಿದ್ದರೆ ಬರಹವನ್ನು ಇಲ್ಲಿಗೇ ಬಿಟ್ಟು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಖರ್ಚಾಗುವುದಿಲ್ಲ. ಮುಂದಿನದನ್ನು ನಾಳೆ ಓದಿದರೂ ನಡೆಯುತ್ತದೆ.

ನಾನು ಪುತ್ತೂರು ತಾಲೂಕಿನ ಒಂದು ಅಡಿಕೆ ತೋಟದ ಮನೆಯವನು. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಈಗ ಊರ ಸಮೀಪದ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಇದು ಶುರುವಾದದ್ದು ಕಾಲೇಜು ಹಾಸ್ಟೆಲಿನಲ್ಲಿ. ದೊಡ್ಡ ಕಾರಣವನ್ನು ಹುಡುಕುವವರಿಗೆ ನನ್ನ ಕಥೆ ನಿರಾಶೆ ತಂದೀತು. ಪ್ರೇಮಭಂಗವಿರಲಿಲ್ಲ, ಮನೆಯಲ್ಲಿ ಹೊಡೆತವಿರಲಿಲ್ಲ. ಇದ್ದದ್ದು ತನ್ನನ್ನು ತಾನೇ ಹಗಲಿರುಳು ಬೈದುಕೊಳ್ಳುವ ಮನಸ್ಸು, ಮತ್ತು ಆ ಬೈಗುಳ ತಾರಕಕ್ಕೇರಿದಾಗ ಮೈಯೆಲ್ಲ ಬಿಗಿದು ಉಸಿರು ಮೇಲೆಯೇ ಸಿಕ್ಕಿಕೊಂಡಂತಾಗುವ ಒಂದು ಸ್ಥಿತಿ. ಗಾಯ ಮಾಡಿಕೊಂಡಾಗ ಆ ಬೈಗುಳ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಸ್ವಲ್ಪ ಹೊತ್ತಿನ ಬೆನ್ನಿಗೇ ನಾಚಿಕೆ ಬರುತ್ತಿತ್ತು, ನಾಚಿಕೆಯಿಂದ ಮತ್ತೆ ಬೈಗುಳ, ಬೈಗುಳದಿಂದ ಮತ್ತೆ ಅದೇ. ಹೊರಗಿನವರು ಇದನ್ನು ಗಮನ ಸೆಳೆಯುವ ನಾಟಕ ಎನ್ನುತ್ತಾರೆ. ವರ್ಷಗಟ್ಟಲೆ ಒಬ್ಬರಿಗೂ ಗೊತ್ತಾಗದಂತೆ ನೋಡಿಕೊಂಡ ನನಗೆ ಆ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ.

ಅಡಗಿಸಿಡುವ ಕೆಲಸ ನಮ್ಮ ಊರಿನ ಗಂಡಸಿಗೆ ಸುಲಭದ್ದಲ್ಲ. ಬೆಂಗಳೂರಿನಲ್ಲಿ ತುಂಬುತೋಳಿನ ಅಂಗಿ ತೊಟ್ಟರೆ ಮುಗಿಯಿತು, ಕಚೇರಿಯ ಶಿಸ್ತು ಎಂದುಕೊಳ್ಳುತ್ತಾರೆ. ಊರಿನಲ್ಲಿ ಹಾಗಲ್ಲ. ಧರ್ಮಸ್ಥಳವಿರಲಿ, ಉಡುಪಿಯ ಕೃಷ್ಣ ಮಠವಿರಲಿ, ಕುಕ್ಕೆ ಸುಬ್ರಹ್ಮಣ್ಯವಿರಲಿ, ಗಂಡಸರು ಅಂಗಿ ಬನಿಯನು ತೆಗೆದೇ ಒಳಗೆ ಹೋಗಬೇಕು. ಊಟಕ್ಕೆ ಬಡಿಸುವುದೂ ಅಂಗಿ ತೆಗೆದು, ಹೆಗಲಿಗೊಂದು ಶಾಲು ಹಾಕಿಕೊಂಡು. ತೋಟದಲ್ಲಿ ಬೈರಾಸು ಸುತ್ತಿಕೊಂಡು ಕೆಲಸ, ಮಳೆಗಾಲದಲ್ಲಿ ತೋಡಿನಲ್ಲಿ ಸ್ನಾನ. ಹೀಗಾಗಿ ನಾನು ಬಂಧುಗಳ ಮದುವೆಗೆ ಸರಿಯಾಗಿ ಊಟದ ಹೊತ್ತು ಮುಗಿದ ಮೇಲೆ ತಲುಪುವವನಾದೆ, ದೇವಸ್ಥಾನದ ಹೊರಗೆ ಎಲ್ಲರ ಚಪ್ಪಲಿ, ಚೀಲ ಕಾಯುವವನಾದೆ. ಬೆಂಗಳೂರಿಗೆ ಹೋಗಿ ಹುಡುಗನಿಗೆ ದೇವರ ಮೇಲಿನ ನಂಬಿಕೆ ಹೋಯಿತು ಎಂದು ಭಾವ ತಮಾಷೆ ಮಾಡುತ್ತಿದ್ದರು. ಆ ಹೆಸರು ನನಗೆ ಅನುಕೂಲವೇ ಆಗಿತ್ತು.

ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಗೊತ್ತಾಯಿತು. ಒಣಹಾಕಿದ ಅಂಗಿಯ ಒಳಮೈಯ ಕಲೆಯನ್ನು ನೋಡಿ ಅವಳು ನೇರವಾಗಿ ನನ್ನ ಕೋಣೆಗೆ ಬಂದು, "ತೋಳು ತೋರಿಸು ಮಾರಾಯ" ಎಂದಳು. ತೋರಿಸಿದೆ. ಅವಳು ಕೂಗಾಡಲಿಲ್ಲ, ಅಳಲೂ ಇಲ್ಲ. "ಇದನ್ನು ಮೊದಲು ತೊಳೆಯಬೇಕು" ಎಂದಳು. ಟಿಟಿ ಹಾಕಿಸಲು ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ಮಾತ್ರ, ಬ್ಯಾಂಡೇಜು ಸುತ್ತುತ್ತಿದ್ದವರು ಹುಡುಗಿ ಯಾರು ಎಂದು ಕೇಳಿ ಪಕ್ಕದವರೊಡನೆ ನಕ್ಕರು. ಆ ನಗು ನನ್ನನ್ನು ಇನ್ನೂ ಹಲವು ತಿಂಗಳು ಆಸ್ಪತ್ರೆಗಳಿಂದ ದೂರವಿಟ್ಟಿತು. ಗಾಯಕ್ಕೆ ಮದ್ದು ಹಾಕುವವರು ಬಾಯಿ ಮುಚ್ಚಿಕೊಂಡು ಹಾಕಿದರೂ ಎಷ್ಟೋ ಜನ ಬೇಗ ಬಂದಾರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಅಮ್ಮನಿಗೆ ತಿಳಿಯಿತು, ಆಣೆಯಾಯಿತು. ಜೋಯಿಸರ ಬಳಿ ಪ್ರಶ್ನೆ ಇಡಿಸಿದ್ದೂ, ಕೈಗೆ ನೂಲು ಕಟ್ಟಿಸಿದ್ದೂ ಅದೇ ಸಮಯದಲ್ಲಿ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗನ ಮೈಮೇಲೆ ಮಗನೇ ಮಾಡಿದ ಗುರುತನ್ನು ನೋಡಿದ ತಾಯಿಗೆ, ಮಾಡಿದ್ದು ಮಗನಲ್ಲ, ಬೇರೇನೋ ಎಂದು ನಂಬುವುದೇ ಹೆಚ್ಚು ಸಹ್ಯವಾಗಿದ್ದಿರಬೇಕು. ಆದರೆ ಆಣೆಯಲ್ಲಿದ್ದ ತೊಂದರೆ ನನಗೆ ಸ್ಪಷ್ಟವಾಗಲು ಬಹಳ ಕಾಲ ಬೇಕಾಯಿತು. ಆಣೆ ಮಾತಾಡುವುದು ಇಡೀ ಜೀವಮಾನದ ಬಗ್ಗೆ. ತುಡಿತ ಬರುವುದಾದರೋ ಒಂದು ರಾತ್ರಿಯ ಒಂದು ಅರ್ಧ ತಾಸಿಗೆ. ಆ ಅರ್ಧ ತಾಸಿನಲ್ಲಿ ಕೈಕಾಲುಗಳಿಗೆ ಏನು ಕೆಲಸ ಎಂಬುದನ್ನು ಆಣೆ ಹೇಳಿಕೊಡುವುದಿಲ್ಲ.

ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಪೊಲೀಸ್ ಕೇಸಿನ ಭಯ. ಹಾಸ್ಟೆಲಿನ ಕಾಲದಿಂದಲೂ ಅದನ್ನು ನಾವು ನಂಬಿಕೊಂಡಿದ್ದೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದು ಭಾವಿಸಬೇಕು, ಶಿಕ್ಷಿಸಕೂಡದು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮು ಮೊದಲಿನ ರೂಪದಲ್ಲಿ ಉಳಿದೇ ಇಲ್ಲ. ನನ್ನದು ಸಾಯುವ ಯತ್ನವೂ ಆಗಿರಲಿಲ್ಲ. ಇದೆಲ್ಲ ಮೊದಲೇ ಗೊತ್ತಿದ್ದರೆ ಒಂದು ಭಯವಾದರೂ ಕಡಿಮೆಯಾಗುತ್ತಿತ್ತು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಇದನ್ನು ಅಕ್ಕನಿಗೆ ಹೇಳಿದವರು ಊರಿನ ಆಶಾ ಕಾರ್ಯಕರ್ತೆ. ಜ್ವರದವರು, ಬಿಪಿಯವರು, ಬಸುರಿಯರು ನಿಂತ ಸಾಲಿನಲ್ಲೇ ನಾನೂ ನಿಂತು ಚೀಟಿ ಮಾಡಿಸಿದೆ. ಆ ಗದ್ದಲವೇ ನನಗೆ ಒಳ್ಳೆಯದಾಯಿತು, ಯಾರು ಯಾವುದಕ್ಕೆ ಬಂದಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ವೈದ್ಯರು ತೋಳನ್ನು ನೋಡಿ ಮುಖ ಬದಲಿಸದೆ ನೇರವಾಗಿ ಕೇಳಿದರು: "ಸಾಯಬೇಕು ಅಂತ ಅನ್ನಿಸ್ತದಾ? ಅದಕ್ಕಾಗಿ ಏನಾದರೂ ಯೋಚನೆ ಮಾಡಿ ಇಟ್ಟುಕೊಂಡಿದ್ದೀರಾ?" ಇಷ್ಟು ನೇರವಾಗಿ ಯಾರೂ ನನ್ನನ್ನು ಕೇಳಿರಲಿಲ್ಲ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಬಹುದು ಎಂದು ಜನ ಅಂಜುತ್ತಾರೆ. ನನಗೆ ಆದದ್ದು ಅದರ ವಿರುದ್ಧ, ಒಂದು ಬಾಗಿಲು ತೆರೆದ ಹಾಗಾಗಿ ಅರ್ಧ ಗಂಟೆ ಮಾತಾಡಿದೆ. ಸಾಯುವ ಉದ್ದೇಶವಿಲ್ಲದೆ ಗಾಯ ಮಾಡಿಕೊಳ್ಳುವುದು ಆತ್ಮಹತ್ಯೆಯ ಯತ್ನಕ್ಕಿಂತ ಬೇರೆ, ಆದರೆ ಹಾಗೆ ಮಾಡಿಕೊಳ್ಳುವವರಲ್ಲಿ ಮುಂದೆ ಆ ಅಪಾಯ ಹೆಚ್ಚು, ಆದ್ದರಿಂದ ಎರಡನ್ನೂ ವಿಚಾರಿಸುತ್ತಲೇ ಇರಬೇಕಾಗುತ್ತದೆ ಎಂದು ಅವರು ವಿವರಿಸಿದರು. ಖಿನ್ನತೆಗೆ ಮಾತ್ರೆ ಬರೆದುಕೊಟ್ಟು, ಅದು ಹಿಡಿಯಲು ಕೆಲವು ವಾರ ಬೇಕು, ಆ ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ ತಡಮಾಡದೆ ಬರಬೇಕು ಎಂದು ನನಗಿಂತ ಹೆಚ್ಚಾಗಿ ಅಕ್ಕನಿಗೆ ಹೇಳಿದರು. ಮಾತಿನ ಚಿಕಿತ್ಸೆಗೆ ಮಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕಳುಹಿಸಿದರು. ಮಾತ್ರೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಅದು ತುಡಿತವನ್ನು ಅಳಿಸಲಿಲ್ಲ, ಮಾತಿನ ಚಿಕಿತ್ಸೆಯಲ್ಲಿ ಹೇಳಿದ್ದನ್ನು ಮಾಡಿ ನೋಡುವಷ್ಟು ತ್ರಾಣ ಕೊಟ್ಟಿತು.

ಆ ಮೇಡಂ ಮೊದಲ ಭೇಟಿಯಲ್ಲಿ ನಿಲ್ಲಿಸಿ ಎಂದು ಹೇಳಲಿಲ್ಲ. ನಾನು ಆಣೆಯ ಕಥೆ ಹೇಳಿದಾಗ ಅವರು ಆಣೆಯನ್ನೂ ಬೈಯಲಿಲ್ಲ, ಅಮ್ಮನನ್ನೂ ಬೈಯಲಿಲ್ಲ. ಒಂದು ಹಾಳೆ ಕೊಟ್ಟು, ಕಡೆಯ ಸಲ ಆದದ್ದನ್ನು ಕೊನೆಯಿಂದ ಹಿಂದಕ್ಕೆ ಹೋಗುತ್ತ ಬರೆಯಲು ಹೇಳಿದರು. "ಗಾಯದ ಬಗ್ಗೆ ಬೇಡ. ಅದಕ್ಕಿಂತ ಮೊದಲು ಎಂತ ಆಯ್ತು? ಅದಕ್ಕಿಂತಲೂ ಮೊದಲು?" ಹೀಗೆ ಒಂದೊಂದೇ ಕೊಂಡಿ ಹಿಡಿದು ಹಿಂದೆ ಹೋಗುವುದನ್ನು ಸರಪಳಿ ವಿಶ್ಲೇಷಣೆ ಎನ್ನುತ್ತಾರೆ. ಲೆಕ್ಕದ ವ್ಯತ್ಯಾಸ ಹುಡುಕಲು ವೋಚರುಗಳನ್ನು ಒಂದೊಂದಾಗಿ ತಿರುವಿಹಾಕುವುದೇ ನನ್ನ ವೃತ್ತಿಯಾದ್ದರಿಂದ ಈ ಕೆಲಸ ನನಗೆ ಹಿಡಿಸಿತು. ರಾತ್ರಿಯ ಜಗಳವೋ ಯಾರದೋ ಮಾತೋ ಕಾರಣವೆಂದು ನಾನು ತಿಳಿದಿದ್ದೆ. ಹಾಳೆಯಲ್ಲಿ ಬರೆಯುತ್ತ ಹೋದಾಗ ಕಂಡದ್ದು ಬೇರೆ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿರುತ್ತಿತ್ತು, ಮಧ್ಯಾಹ್ನದ ಊಟ ತಪ್ಪಿರುತ್ತಿತ್ತು, ಸಂಜೆ ಯಾವುದೋ ಸಣ್ಣ ತಪ್ಪು ಕಣ್ಣಿಗೆ ಬಿದ್ದಿರುತ್ತಿತ್ತು, ಅದನ್ನು ಯಾರಿಗೂ ಹೇಳದೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿರುತ್ತಿದ್ದೆ. ಬಾಗಿಲು ಹಾಕಿಕೊಂಡು ಎರಡು ಮೂರು ತಾಸು ಕಳೆದ ಮೇಲೆ ತುಡಿತ. ಬರೆದ ಹಾಳೆಗಳಲ್ಲಿ ಈ ಕ್ರಮ ಮತ್ತೆ ಮತ್ತೆ ಬಂತು. ಮಾರ್ಚ್ ತಿಂಗಳ ಹಾಳೆಗಳು ಉಳಿದವಕ್ಕಿಂತ ದಪ್ಪವಾಗಿದ್ದವು, ಲೆಕ್ಕ ಬರೆಯುವವರಿಗೆ ಅದು ಏಕೆಂದು ಹೇಳಬೇಕಾಗಿಲ್ಲ.

ಇದರಿಂದ ಆದ ಉಪಕಾರವೆಂದರೆ ಕೊನೆಯ ಕೊಂಡಿಯಲ್ಲಿ ಮಾತ್ರ ಹೋರಾಡುವುದು ತಪ್ಪಿತು. ತುಡಿತ ಮೈತುಂಬಿದ ಮೇಲೆ ಅದನ್ನು ಎದುರಿಸುವುದಕ್ಕಿಂತ ಮಧ್ಯಾಹ್ನ ಊಟ ಬಿಡದಿರುವುದು ಸಾವಿರ ಪಾಲು ಸುಲಭ. ಕೇಳಲು ಇದು ಅಜ್ಜಿ ಮಾತಿನಂತಿದೆ, ದೊಡ್ಡ ನೋವಿಗೆ ಇಷ್ಟು ಸಣ್ಣ ಮದ್ದೇ ಎಂದು ನನಗೂ ಸಿಟ್ಟು ಬಂದಿತ್ತು. ಆದರೆ ಮಾರ್ಚಿನ ವರ್ಷಾಂತ್ಯದ ಲೆಕ್ಕದ ಕೆಲಸದ ದಿನಗಳಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಒಂದೂವರೆ ಗಂಟೆಗೆ ಸರಿಯಾಗಿ ತೆರೆದ ವಾರಗಳಿಗೂ ತೆರೆಯದ ವಾರಗಳಿಗೂ ಇದ್ದ ವ್ಯತ್ಯಾಸ ಹಾಳೆಯಲ್ಲೇ ಕಾಣುತ್ತಿತ್ತು. ಹಾಗಾಗಿ ನನ್ನ ಸಿಟ್ಟು ಬಹಳ ದಿನ ಬಾಳಲಿಲ್ಲ.

ಇನ್ನು ತುಡಿತ ಬಂದೇಬಿಟ್ಟಾಗ ಮಾಡುವುದೇನು ಎಂಬ ಪ್ರಶ್ನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ, ಸಿಗರೇಟು, ಮದ್ಯ ಬಿಡುವವರಿಗಾಗಿ, ತುಡಿತವನ್ನು ತಡೆಯಲೂ ಹೋಗದೆ ಅದಕ್ಕೆ ಮಣಿಯಲೂ ಹೋಗದೆ, ಅದು ಏರಿ ಇಳಿಯುವುದನ್ನು ಅಲೆಯ ಮೇಲೆ ಸವಾರಿ ಮಾಡಿದಂತೆ ಗಮನಿಸುತ್ತಿರುವ ವಿಧಾನವೊಂದನ್ನು ರೂಪಿಸಿದರು. ಮೇಡಂ ಇದನ್ನು ಹೇಳಿಕೊಟ್ಟಾಗ ನನಗೆ ಅಲೆ ಹತ್ತಲಿಲ್ಲ, ನಾನು ಕಡಲ ಬದಿಯವನಲ್ಲ. ನನಗೆ ಅರ್ಥವಾದದ್ದು ಅಂಗಳದಲ್ಲಿ ಅಡಿಕೆ ಒಣಗಿಸುವ ರೀತಿಯಲ್ಲಿ. ಹರಡಿಟ್ಟ ಅಡಿಕೆಯ ಮೇಲೆ ಅಕಾಲದ ಮಳೆ ನುಗ್ಗಿ ಬಂದರೆ ಮಳೆಯನ್ನು ನಿಲ್ಲಿಸುತ್ತೇನೆಂದು ಯಾರೂ ಅಂಗಳದಲ್ಲಿ ನಿಲ್ಲುವುದಿಲ್ಲ. ಓಡಿಹೋಗಿ ಟರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿ, ಜಗಲಿಗೆ ಬಂದು ಕೂರುತ್ತಾರೆ. ಮಳೆ ತನ್ನ ಪಾಡಿಗೆ ಸುರಿದು ಹೋಗುತ್ತದೆ. ಟರ್ಪಾಲು ಎಲ್ಲಿದೆ ಎಂದು ಮಳೆ ಬಂದ ಮೇಲೆ ಹುಡುಕುವವನ ಅಡಿಕೆ ಮಾತ್ರ ಕರಿಯಾಗುತ್ತದೆ.

ನನ್ನ ಟರ್ಪಾಲು ಒಂದು ಅಂಗೈಯಗಲದ ಕಾರ್ಡು. ಅದನ್ನು ಮೇಡಂ ಎದುರಿಗೇ ಕೂತು ಬರೆದೆವು, ಏಕೆಂದರೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ, ಓದಲು ಮಾತ್ರ ಬರುತ್ತದೆ. ಮೊದಲ ಸಾಲು ತಣ್ಣೀರು. ಬಚ್ಚಲಲ್ಲಿ ದೊಡ್ಡ ಪಾತ್ರೆಗೆ ಬಾವಿಯ ನೀರು ತುಂಬಿಸಿ, ಬೇಸಿಗೆಯಾದರೆ ಫ್ರಿಜ್ಜಿನ ಮಂಜುಗಡ್ಡೆ ಹಾಕಿ, ಮುಂದಕ್ಕೆ ಬಾಗಿ ಉಸಿರು ಹಿಡಿದು, ಹಣೆ, ಕಣ್ಣು, ಕೆನ್ನೆ ಮುಳುಗುವಂತೆ ಕೆಲವು ಸೆಕೆಂಡು ಮುಖವಿಡಬೇಕು. ತಣ್ಣೀರಿಗೆ ಮುಖವಿಟ್ಟು ಉಸಿರು ಹಿಡಿದಾಗ ಹೃದಯದ ಬಡಿತ ತಾನಾಗಿ ನಿಧಾನವಾಗುವುದು ಸಸ್ತನಿ ಪ್ರಾಣಿಗಳಲ್ಲಿ ಇರುವ ಪ್ರತಿಕ್ರಿಯೆ, ನಮಗೂ ಇದೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಮೊದಲ ಸಲ ಮೂಗಿಗೆ ನೀರು ಹೋಗಿ ಕೆಮ್ಮು ಹತ್ತಿ, ಬಚ್ಚಲ ಹೊರಗಿದ್ದ ಅಪ್ಪ "ಎಂತದಾ ಅದು?" ಎಂದು ಕೂಗಿದರು. ಎರಡನೆಯ ಸಲದಿಂದ ಅಭ್ಯಾಸವಾಯಿತು. ಮುಖ ಎತ್ತಿದಾಗ ಬೈಗುಳ ಹೋಗಿರುವುದಿಲ್ಲ, ಆದರೆ ಎದೆಯ ಬಿಗಿತ ಒಂದು ಮೆಟ್ಟಿಲು ಇಳಿದಿರುತ್ತದೆ. ಆ ಒಂದು ಮೆಟ್ಟಿಲು ಇಳಿದರೆ ಕಾರ್ಡಿನ ಎರಡನೆಯ ಸಾಲು ಓದಬಹುದು.

ಎರಡನೆಯ ಸಾಲು ಮೈ ದಣಿಸುವುದು. ತೋಟದ ಕೆಳಗಿನ ತೋಡಿನವರೆಗೆ ಬೇಗ ಬೇಗ ಇಳಿದು ಮತ್ತೆ ಹತ್ತುವುದು, ಮಳೆಯಿದ್ದರೆ ಜಗಲಿಯಲ್ಲೇ ಬಸ್ಕಿ. ಮೂರನೆಯದು ಉಸಿರು: ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಬೇಕು. ನಾಲ್ಕನೆಯದು ಕೋಣೆಯಿಂದ ಹೊರಗೆ ಬಂದು ಜನರಿರುವ ಕಡೆ ಕೂರುವುದು, ಮಾತಾಡಬೇಕೆಂದೇನೂ ಇಲ್ಲ. ಅಪ್ಪ ಟಿವಿಯಲ್ಲಿ ವಾರ್ತೆ ನೋಡುತ್ತಿದ್ದರೆ ಪಕ್ಕದಲ್ಲಿ ಕೂತು ಅಡಿಕೆ ಸುಲಿದರೂ ಆದೀತು ಎಂದು ಬರೆಯಲು ಹೊರಟವನು, ಸುಲಿಯುವ ಕೆಲಸ ಬೇಡವೆಂದು ಮೇಡಂ ಹೇಳಿದ್ದರಿಂದ ಹಿಂಗಾರ ಬಿಡಿಸುವುದು, ಹೂ ಕಟ್ಟುವುದು ಎಂದು ತಿದ್ದಿದೆ. ಗಂಡಸು ಕೂತು ಮಲ್ಲಿಗೆ ಕಟ್ಟುವುದನ್ನು ನೋಡಿ ಪಕ್ಕದ ಮನೆಯವರು ನಕ್ಕದ್ದೂ ಉಂಟು. ಅಮ್ಮನಿಗೆ ದಿನಾ ದೇವರ ಹೂ ಸಿಕ್ಕಿತು.

ಇದೇ ರೀತಿಯಲ್ಲಿ, ಅಪಾಯಕ್ಕೆ ಎಡೆಮಾಡುವ ವಸ್ತುಗಳೆಲ್ಲ ನನ್ನ ಕೋಣೆಯಿಂದ ಹೊರಗೆ ಹೋಗಿ ಅಕ್ಕನ ಕಪಾಟು ಸೇರಿದವು. ಬೇಕೆಂದರೆ ಎಲ್ಲಿಂದಾದರೂ ತರಬಹುದಲ್ಲ, ಇದರಿಂದೇನು ಪ್ರಯೋಜನ ಎಂದು ನಾನು ವಾದಿಸಿದ್ದೆ. ತರಲು ಹೋಗುವ ಆ ಹತ್ತು ನಿಮಿಷವೇ ಪ್ರಯೋಜನ ಎಂದರು ಮೇಡಂ. ತುಡಿತಕ್ಕೆ ಶಿಖರವಿರುತ್ತದೆ, ಶಿಖರದ ಹೊತ್ತು ಕೈಗೆ ಏನೂ ಸಿಗದಿದ್ದರೆ ಅದು ಇಳಿಯತೊಡಗುತ್ತದೆ. ಗಾಯವಾಗದಂತೆ ಸಣ್ಣ ನೋವು ಮಾಡಿಕೊಂಡು ಸಮಾಧಾನ ಪಡುವ ಉಪಾಯಗಳನ್ನು ನಾನು ಎಲ್ಲೋ ಓದಿದ್ದೆ, ಅವನ್ನೂ ಅವರು ಒಪ್ಪಲಿಲ್ಲ. ನೋವಾದರೆ ನೆಮ್ಮದಿ ಎಂಬ ಪಾಠವನ್ನು ಮೈಗೆ ಮರೆಸುವುದು ನಮ್ಮ ಕೆಲಸ, ಅದೇ ಪಾಠವನ್ನು ಮೆಲ್ಲಗಿನ ದನಿಯಲ್ಲಿ ಮತ್ತೆ ಹೇಳಿಕೊಡುವುದಲ್ಲ ಎಂಬುದು ಅವರ ವಾದ. ನನ್ನ ಮಟ್ಟಿಗೆ ಅದು ಸರಿಯೆನಿಸಿತು.

ಕಾರ್ಡಿನ ಕೊನೆಯಲ್ಲಿ ಅಕ್ಕನ ನಂಬರು, ಅದರ ಕೆಳಗೆ 14416. ಅಕ್ಕನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಎರಡೂ ಕಡೆಗೆ ಕಟ್ಟುಪಾಡುಗಳಿದ್ದವು. ನಾನು "ಇವತ್ತು ಸರಿ ಇಲ್ಲ" ಎಂದಷ್ಟೇ ಹೇಳಿದರೆ ಸಾಕು, ವಿವರಿಸಬೇಕಾಗಿಲ್ಲ. ಅವಳು ಏಕೆ ಎಂದು ಕೇಳಬಾರದು, ಆಣೆ ನೆನಪಿಸಬಾರದು, ಅಮ್ಮನ ಆರೋಗ್ಯದ ಮಾತು ತೆಗೆಯಬಾರದು. ತನ್ನ ಮಕ್ಕಳ ಶಾಲೆಯ ಸುದ್ದಿಯೋ ಭಾವನ ಹೊಸ ಬೈಕಿನ ಸುದ್ದಿಯೋ ಹೇಳುತ್ತ ಅರ್ಧ ತಾಸು ಫೋನಿನಲ್ಲಿರಬೇಕು. ಅವಳ ಮೇಲೆ ಇಷ್ಟು ಭಾರ ಹಾಕುವುದು ನ್ಯಾಯವೇ ಎಂಬ ಪ್ರಶ್ನೆಯೂ ಬಂತು. ಒಂದು ರಾತ್ರಿ ಅವಳೇ 14416ಕ್ಕೆ ಕರೆ ಮಾಡಿ, ತಮ್ಮನ ವಿಷಯವನ್ನಲ್ಲ, ತಮ್ಮನನ್ನು ನೋಡಿಕೊಂಡು ತನಗೆ ಆಗುತ್ತಿರುವ ಸುಸ್ತಿನ ವಿಷಯವನ್ನು ಮಾತಾಡಿದಳಂತೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ದೇಶಮಟ್ಟದಲ್ಲಿ ಮಾರ್ಗದರ್ಶನ ಮಾಡುವ ಆ ಸೇವೆ ನೋಯುವವರಿಗೆ ಮಾತ್ರವಲ್ಲ, ಅವರ ಪಕ್ಕದಲ್ಲಿರುವವರಿಗೂ ಇದೆ ಎಂಬುದು ನಮಗೆ ಗೊತ್ತಾದದ್ದು ಹಾಗೆ.

ನಾನು ಕಲಿತ ಈ ಕೌಶಲಗಳಲ್ಲಿ ಹೆಚ್ಚಿನವು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯ ಪದ್ಧತಿಯವು. ಇದನ್ನು ಕಟ್ಟಿದ ಮಾರ್ಷಾ ಲಿನೆಹಾನ್ ಅವರೂ ವಾಷಿಂಗ್ಟನ್ ವಿಶ್ವವಿದ್ಯಾಲಯದವರೇ. ಹದಿಹರೆಯದಲ್ಲಿ ತಾನೂ ಹೀಗೆಯೇ ಗಾಯ ಮಾಡಿಕೊಳ್ಳುತ್ತಿದ್ದೆ, ಆಸ್ಪತ್ರೆಯಲ್ಲಿ ದೀರ್ಘಕಾಲ ಇದ್ದೆ ಎಂಬುದನ್ನು ಅವರು 2011ರಲ್ಲಿ, ತಾನು ಒಳರೋಗಿಯಾಗಿದ್ದ ಅದೇ ಸಂಸ್ಥೆಯಲ್ಲಿ ನಿಂತು ಬಹಿರಂಗವಾಗಿ ಹೇಳಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಮೇಡಂ ಇದನ್ನು ಮಾತಿನ ನಡುವೆ ಸುಮ್ಮನೆ ಹೇಳಿದ್ದು. ನನಗೆ ಮಾತ್ರ ಆ ದಿನ ಬಸ್ಸಿನಲ್ಲಿ ಮಂಗಳೂರಿನಿಂದ ಪುತ್ತೂರಿನವರೆಗೂ ಅದೇ ಯೋಚನೆ. ನನ್ನ ಕಾರ್ಡಿನ ಸಾಲುಗಳ ಹಿಂದಿನ ಪದ್ಧತಿಯನ್ನು ಕಟ್ಟಿದವರಿಗೂ ಈ ನಾಚಿಕೆ ಗೊತ್ತಿತ್ತು ಎಂಬುದರಿಂದ ಆ ಸಾಲುಗಳ ಮೇಲಿನ ವಿಶ್ವಾಸ ಹೆಚ್ಚಿತು.

ಮತ್ತೆ ಜಾರಲಿಲ್ಲವೇ ಎಂದರೆ, ಜಾರಿದ್ದೇನೆ. ಜಾರಿದ ಮರುದಿನ ಆಣೆಯ ಕಾಲದಲ್ಲಾದರೆ ಎಲ್ಲ ಮುಗಿದುಹೋಯಿತು ಎನಿಸುತ್ತಿತ್ತು. ಮುರಿದ ಆಣೆಗೆ ಅರ್ಧ ಮುರಿದದ್ದು ಎಂಬುದಿಲ್ಲ, ಹೇಗೂ ಮುರಿದ ಮೇಲೆ ಇನ್ನೊಂದು ಸಲವಾದರೇನು ಎಂದು ಮನಸ್ಸು ವಕಾಲತ್ತು ಮಾಡುತ್ತಿತ್ತು. ಈಗ ಜಾರಿದರೆ ಗಾಯ ತೊಳೆದು ಮದ್ದು ಹಾಕಿಸಿಕೊಳ್ಳುವುದು, ಅಕ್ಕನಿಗೆ ಹೇಳುವುದು, ಹಾಳೆ ತೆಗೆದು ಕೊಂಡಿಗಳನ್ನು ಬರೆಯುವುದು. ಯಾವ ಕೊಂಡಿಯಲ್ಲಿ ಕಾರ್ಡನ್ನು ತೆಗೆಯಬಹುದಿತ್ತು ಎಂದು ನೋಡುವುದು. ದಿನ ಎಣಿಸುವ ಅಭ್ಯಾಸವನ್ನೂ ಬಿಟ್ಟೆ. ಕೆಲವರಿಗೆ ಅದು ಬಲ ಕೊಡುತ್ತದೆ, ನನಗೆ ಆ ಸಂಖ್ಯೆ ಮತ್ತೊಂದು ಆಣೆಯೇ ಆಗುತ್ತಿತ್ತು.

ಹಳೆಯ ಆಣೆಯಾದರೋ ಇನ್ನೂ ತಲೆಯ ಮೇಲಿತ್ತು. ಅಮ್ಮನಿಗೆ ಏನಾದರೂ ಸಣ್ಣ ಜ್ವರ ಬಂದರೂ ನನ್ನಿಂದಲೇ ಎಂದು ಹೆದರುತ್ತಿದ್ದೆ. ಇದನ್ನು ಹೇಗೆ ಹೇಳಲಿ ಎಂದು ಮೇಡಂ ಜೊತೆ ಕುಳಿತು ಮಾತು ಮಾತನ್ನೂ ತಾಲೀಮು ಮಾಡಿಕೊಂಡು ಒಂದು ಸಂಜೆ ಅಮ್ಮನಿಗೆ ಹೇಳಿದೆ: ಆಣೆ ತಪ್ಪಿದೆ, ಒಂದಲ್ಲ, ಹಲವು ಸಲ, ನಿಮಗೆ ಹೇಳಲು ಹೆದರಿ ಅಡಗಿಸಿದೆ, ನನಗೆ ಈಗ ಸಿಗುತ್ತಿರುವ ಚಿಕಿತ್ಸೆಯಲ್ಲಿ ಹೇಳಿಕೊಳ್ಳುವುದೇ ಮುಖ್ಯ, ಆಣೆ ಇರುವವರೆಗೆ ಹೇಳಿಕೊಳ್ಳಲು ಆಗುವುದಿಲ್ಲ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ್ದು ಸಂಪೂರ್ಣವಾಗಿ ಅವರ ಲೋಕದ ಮಾತು, ಮತ್ತು ನನಗೆ ಆಗ ಬೇಕಾಗಿದ್ದದ್ದೂ ಅದೇ. "ಆಣೆ ಹಾಕಿಸಿದ್ದು ನಾನು. ಬಿಡಿಸುವುದೂ ನಾನೇ. ಹೋಗಿ ತಪ್ಪುಕಾಣಿಕೆ ಹಾಕಿ ಬರುವ."

ಧರ್ಮಸ್ಥಳಕ್ಕೆ ಹೋಗುವುದೆಂದರೆ ಅಂಗಿ ತೆಗೆಯುವುದು. ಒಳಗೆ ಹೋಗುವ ಮೊದಲು ಗಂಡಸರೆಲ್ಲ ಅಂಗಿ ಬಿಚ್ಚಿ ಮಡಚಿ ತೋಳಿಗೆ ಹಾಕಿಕೊಳ್ಳುತ್ತಾರೆ. ನಾನೂ ಹಾಗೆ ಹಾಕಿಕೊಂಡೆ, ಆ ಅಂಗಿ ಗುರುತಿನ ಒಂದಷ್ಟನ್ನು ಮುಚ್ಚುತ್ತಿತ್ತು, ಎಲ್ಲವನ್ನೂ ಅಲ್ಲ. ಅಮ್ಮ ಮೊದಲು ಸೆರಗು ಹರಡಿಕೊಂಡು ನನ್ನ ಆ ಕಡೆಗೇ ಅಂಟಿ ನಿಂತರು. ಸಾಲು ಮುಂದೆ ಸರಿದಂತೆ, ಹಿಂದಿನವರ ನೂಕಿನಲ್ಲಿ ಅದು ಸಾಧ್ಯವಾಗಲಿಲ್ಲ. ನನ್ನ ಹಿಂದಿದ್ದ, ಉತ್ತರ ಕರ್ನಾಟಕದ ಕಡೆಯವರಿರಬೇಕು, ವಯಸ್ಸಾದ ಒಬ್ಬರು ತೋಳನ್ನು ನೋಡಿದರು, ನೋಡಿ "ಸಾಲು ಭಾಳ ಉದ್ದ ಐತಲ್ರಿ" ಎಂದರು. ಹೌದು ಎಂದೆ. ಅಷ್ಟೇ. ವರ್ಷಗಳ ಕಾಲ ಚಪ್ಪಲಿ ಕಾಯಲು ಕಾರಣವಾಗಿದ್ದ ಭಯಕ್ಕೆ ಎದುರಾಗಿ ಬಂದದ್ದು ಇದೊಂದು ಮಾತು. ಎಲ್ಲ ಕಡೆಯೂ ಹೀಗೆಯೇ ಆಗುವುದಿಲ್ಲ. ಮುಂದಿನ ತಿಂಗಳು ಬಂಧುಗಳ ಉಪನಯನದಲ್ಲಿ ದೊಡ್ಡಮ್ಮ ಎಲ್ಲರ ಎದುರೇ ಕೈ ಹಿಡಿದು ಕೇಳಿದರು. "ಹಿಂದೆ ಹುಷಾರಿರಲಿಲ್ಲ ದೊಡ್ಡಮ್ಮ, ಮದ್ದು ಮಾಡ್ತಾ ಇದ್ದೇನೆ" ಎಂದು ಹೇಳಿ ಸಾಂಬಾರಿನ ಬಕೆಟ್ಟು ಎತ್ತಿಕೊಂಡು ಪಂಕ್ತಿಗೆ ಹೋದೆ. ಎಲ್ಲರಿಗೂ ಎಲ್ಲವನ್ನೂ ಹೇಳುವ ಹೊಣೆ ನನ್ನದಲ್ಲ ಎಂಬುದನ್ನೂ ಕಲಿಯಬೇಕಾಗಿತ್ತು.

ತುಡಿತ ಈಗಲೂ ಬರುತ್ತದೆ, ಮೊದಲಿನಷ್ಟು ಸಲವಲ್ಲ, ಮೊದಲಿನಷ್ಟು ಹೊತ್ತೂ ಅಲ್ಲ. ಮಾರ್ಚ್ ಬರುವ ಮೊದಲೇ ಮೇಡಂ ಬಳಿ ಹೋಗಿ ಕಾರ್ಡನ್ನು ತಿದ್ದಿಕೊಂಡು ಬರುತ್ತೇನೆ. ಮಾತ್ರೆಯನ್ನು ವೈದ್ಯರೇ ನಿಧಾನವಾಗಿ ಇಳಿಸುತ್ತಿದ್ದಾರೆ, ಸರಿಯಾಯಿತೆಂದು ನಾನಾಗಿ ನಿಲ್ಲಿಸಿಲ್ಲ.

ಈ ವರ್ಷ ಮನೆಯಲ್ಲಿ ಮದುವೆಯ ಮಾತು ಎದ್ದಿದೆ. ಗುರುತುಗಳ ವಿಷಯ ಮದುವೆಯಾದ ಮೇಲೆ ಹೇಳಿದರಾಯಿತು ಎಂದು ಅಪ್ಪನ ಸಲಹೆ. ನಾನು ಒಪ್ಪದೆ, ಹುಡುಗಿಯನ್ನು ಎರಡನೆಯ ಸಲ ಭೇಟಿಯಾದಾಗ ಅವರ ಮನೆಯ ಜಗಲಿಯಲ್ಲಿ ಕೂತು ಹೇಳಿದೆ. ಅವರು, "ಈಗಲೂ ಅನ್ನಿಸ್ತದಾ ನಿಮಗೆ?" ಎಂದು ಕೇಳಿದರು. ಕೆಲವೊಮ್ಮೆ ಎಂದೆ. "ಆಗ ಎಂತ ಮಾಡ್ತೀರಿ?" ಎಂದರು. ಪರ್ಸಿನಿಂದ ಕಾರ್ಡು ತೆಗೆದು ಕೊಟ್ಟೆ. ಅವರು ಎಲ್ಲ ಸಾಲುಗಳನ್ನೂ ಓದಿ, ಹೂ ಕಟ್ಟುವ ಸಾಲಿಗೆ ಬಂದಾಗ ಒಮ್ಮೆ ನನ್ನ ಮುಖ ನೋಡಿ, ಕಾರ್ಡನ್ನು ಹಿಂದಿರುಗಿಸಿದರು. ಯೋಚಿಸಲು ಸಮಯ ಬೇಕು, ಸಾಧ್ಯವಾದರೆ ನಿಮ್ಮ ವೈದ್ಯರೊಡನೆ ಒಮ್ಮೆ ಮಾತಾಡಬೇಕು ಎಂದಿದ್ದಾರೆ. ಮುಂದಿನ ಮಂಗಳವಾರಕ್ಕೆ ಇಬ್ಬರೂ ಬರುತ್ತೇವೆಂದು ಆಸ್ಪತ್ರೆಯಲ್ಲಿ ಹೇಳಿ ಬಂದಿದ್ದೇನೆ.